ಟೆಕ್ ಕನ್ಸಲ್ಟಿಂಗ್‌ನಿಂದ ಸೇವಾ ಸಂಸ್ಥೆಗಳ ಫ್ರೀಲಾನ್ಸ್ ಕೆಲಸಕ್ಕೆ: ಯಾವ ದಾರಿ ಯಾರಿಗೆ?

ದೊಡ್ಡ ಕಂಪನಿಗಳಿಗೆ ಸಾಫ್ಟ್‌ವೇರ್ ಸಲಹೆ ಕೊಡುತ್ತಾ ಹತ್ತು ಹನ್ನೆರಡು ವರ್ಷ ಕಳೆದವರಿಗೆ ಒಂದು ದಿನ ಅನ್ನಿಸುತ್ತದೆ: ಇದೇ ಕೆಲಸವನ್ನು ಲಾಭಕ್ಕಲ್ಲದೆ ನಡೆಯುವ ಯಾವುದಾದರೂ ಸೇವಾ ಸಂಸ್ಥೆಗೆ (ಎನ್‌ಜಿಒ) ಮಾಡಿಕೊಟ್ಟರೆ ಹೇಗೆ? ಅದೂ ಯಾರ ಕೈಕೆಳಗೂ ಇಲ್ಲದೆ. ನನಗೂ ಹಾಗೇ ಅನ್ನಿಸಿತ್ತು, ಹಾಗೇ ಹೊರಟೆ. ಈಗ ನನ್ನನ್ನು ದಾರಿ ಕೇಳುವವರೆಲ್ಲ ಮೊದಲು ಕೇಳುವುದು ಒಂದೇ ಪ್ರಶ್ನೆ: "ದುಡ್ಡು ಸಾಲುತ್ತಾ?"

ಕೇಳಬೇಕಾದ ಪ್ರಶ್ನೆಯೇ. ಆದರೆ ಅರ್ಧದಲ್ಲಿ ಹಳೇ ಕೆಲಸಕ್ಕೆ ವಾಪಸ್ ಹೋದವರನ್ನು ನಾನು ಕಂಡಿದ್ದೇನೆ. ಅವರಲ್ಲಿ ಹೆಚ್ಚಿನವರು ದುಡ್ಡಿಲ್ಲದೆ ಹೋಗಲಿಲ್ಲ. ಸೇವಾ ಸಂಸ್ಥೆ ಒಳಗೆ ಹೇಗೆ ನಡೆಯುತ್ತದೆ ಎಂದು ತಿಳಿಯದೆ, ಮೂರು ಸಲ ಗೋಡೆಗೆ ತಲೆ ಚಚ್ಚಿಕೊಂಡು, ಸುಸ್ತಾಗಿ ಹೋದರು. ಹಾಗಾಗಿ ಇಲ್ಲಿನ ಐದು ದಾರಿಗಳನ್ನು ಎರಡು ಅಳತೆಯಲ್ಲಿ ನೋಡಿದ್ದೇನೆ. ಕೈಗೆ ದುಡ್ಡು ಯಾವಾಗ ಬರುತ್ತದೆ? ಸಂಸ್ಥೆಯ ಒಳಮನೆ ಎಷ್ಟು ಕಾಣಿಸುತ್ತದೆ? ಎರಡನೆಯದಕ್ಕೆ ನಾನು ಜಾಸ್ತಿ ಅಂಕ ಕೊಡುತ್ತೇನೆ. ಯಾಕೆ ಅಂತ ಮೊದಲು ಹೇಳಿಬಿಡುತ್ತೇನೆ.

ಒಳಮನೆಯ ಸಂಗತಿ

ಕಂಪನಿಯಲ್ಲಿ ಲೆಕ್ಕ ಸುಲಭ. ಇಷ್ಟು ಖರ್ಚು ಮಾಡಿದರೆ ಇಷ್ಟು ಉಳಿಯುತ್ತದೆ, ಇಲ್ಲವೇ ಇಷ್ಟು ಗಳಿಕೆ ಹೆಚ್ಚುತ್ತದೆ. ಸೇವಾ ಸಂಸ್ಥೆಯಲ್ಲಿ ದುಡ್ಡು ಕೊಡುವವರು ಒಬ್ಬರು, ಸೇವೆ ಪಡೆಯುವವರು ಇನ್ನೊಬ್ಬರು. ನೀವು ಕಟ್ಟುವ ವ್ಯವಸ್ಥೆಯನ್ನು ದಿನಾ ಬಳಸುವವರು ಈ ಇಬ್ಬರೂ ಅಲ್ಲ. ಅವರು ನಡುವೆ ಸಿಕ್ಕಿಕೊಂಡ ಸಿಬ್ಬಂದಿ.

ದುಡ್ಡಿಗೂ ಹಣೆಪಟ್ಟಿ ಇರುತ್ತದೆ. ಅನುದಾನ ಕೊಟ್ಟವರು "ಇದು ಮಕ್ಕಳ ಓದಿಗೆ ಮಾತ್ರ" ಎಂದು ಬರೆದುಕೊಟ್ಟಿದ್ದರೆ ಅದರಲ್ಲಿ ಸರ್ವರ್ ಬಾಡಿಗೆ ಕಟ್ಟುವಂತಿಲ್ಲ. ಖಾತೆಯಲ್ಲಿ ಹಣ ತುಂಬಿದ್ದರೂ "ಕಂಪ್ಯೂಟರ್‌ಗೆ ದುಡ್ಡಿಲ್ಲ" ಎಂದು ಅವರು ಹೇಳುವುದು ಸುಳ್ಳಲ್ಲ. ಕಂಪನಿಗಳಿಂದ ಬಂದವರಿಗೆ ಇದು ಅರ್ಥವಾಗಲು ಬಹಳ ಕಾಲ ಹಿಡಿಯುತ್ತದೆ. "ಇವರು ಚೌಕಾಸಿ ಮಾಡ್ತಿದ್ದಾರೆ" ಅಂದುಕೊಳ್ಳುತ್ತಾರೆ.

ಇದರ ಮೇಲೆ, ಆಡಳಿತದ ಖರ್ಚು ಕಡಿಮೆ ಇರಬೇಕು ಎಂಬ ಒತ್ತಡ. ಸಂಸ್ಥೆ ಖರ್ಚು ಕತ್ತರಿಸಿ ತೋರಿಸುತ್ತದೆ. ಅದನ್ನು ನೋಡಿದ ದಾನಿಗಳು ಮುಂದಿನ ಸಲ ಇನ್ನೂ ಕಡಿಮೆ ಬಯಸುತ್ತಾರೆ. ಸಂಸ್ಥೆ ಮತ್ತೆ ಕತ್ತರಿಸುತ್ತದೆ. 2009ರಲ್ಲಿ ಬ್ರಿಡ್ಜ್‌ಸ್ಪ್ಯಾನ್ ಎಂಬ ಸಲಹಾ ಸಂಸ್ಥೆಯ ಇಬ್ಬರು ಇದನ್ನು ‘ಸ್ಟಾರ್ವೇಷನ್ ಸೈಕಲ್’ ಎಂದು ಕರೆದರು. ಹೊಟ್ಟೆಗಿಲ್ಲದೆ ಸೊರಗುವ ಸುತ್ತು ಎನ್ನಬಹುದು. ಮೊದಲು ಸೊರಗುವುದು ಯಾವುದು? ಕಂಪ್ಯೂಟರ್, ತರಬೇತಿ, ಬ್ಯಾಕಪ್. ಅಂದರೆ ನೀವು ಮಾರಲು ಹೊರಟಿರುವ ಸರಕೇ.

ಇನ್ನು ಕಾಲದ ಮಾತು. ದೊಡ್ಡ ಖರ್ಚಿಗೆ ಟ್ರಸ್ಟಿಗಳ ಒಪ್ಪಿಗೆ ಬೇಕು. ಅವರು ಹಲವು ಕಡೆ ಸೇರುವುದೇ ಮೂರು ತಿಂಗಳಿಗೊಮ್ಮೆ. ಒಂದು ಸಭೆ ತಪ್ಪಿತೋ, ನಿಮ್ಮ ಕೆಲಸ ಮುಂದಿನ ಸಭೆಗೆ. ನಿರ್ದೇಶಕರು ಖುಷಿಯಿಂದ "ಆಗಲಿ" ಅಂದ ದಿನಕ್ಕೂ ಒಪ್ಪಂದಕ್ಕೆ ಸಹಿ ಬಿದ್ದ ದಿನಕ್ಕೂ ನಡುವೆ ಆರು ತಿಂಗಳು ಹೋಗಿದ್ದು ನನಗೆ ಒಂದಲ್ಲ, ಹಲವು ಸಲ. ಹಣಕಾಸು ವರ್ಷದ ಕೊನೆಗೆ ಮಾತ್ರ ಆಟ ತಿರುಗುತ್ತದೆ. ಅನುದಾನ ಖರ್ಚಾಗದೆ ಉಳಿದಿರುತ್ತದೆ, "ಎರಡು ವಾರದಲ್ಲಿ ಮುಗಿಸಿಕೊಡಿ" ಎಂದು ಫೋನ್ ಬರುತ್ತದೆ.

ಇಷ್ಟು ತಿಳಿದ ಮೇಲೆ ದಾರಿಗಳನ್ನು ನೋಡೋಣ.

ಕೆಲಸ ಬಿಡದೆ, ಬಿಡುವಿನಲ್ಲಿ ಉಚಿತ ಸೇವೆ

ಸುಮಾರು ಎಲ್ಲರೂ ಇಲ್ಲಿಂದಲೇ ಶುರು ಮಾಡುತ್ತಾರೆ. ಅವಕಾಶಗಳೂ ಬೇಕಾದಷ್ಟಿವೆ. ಟ್ಯಾಪ್‌ರೂಟ್ ಫೌಂಡೇಶನ್ 2001ರಿಂದ ವೃತ್ತಿಪರರನ್ನು ಸೇವಾ ಸಂಸ್ಥೆಗಳ ಜೊತೆ ಜೋಡಿಸುತ್ತಿದೆ. ಡೇಟಾ ಕೆಲಸ ಮಾಡುವವರಿಗೆ 2011ರಲ್ಲಿ ಶುರುವಾದ ಡೇಟಾಕೈಂಡ್ ಇದೆ. ವಿಶ್ವಸಂಸ್ಥೆಯ ಸ್ವಯಂಸೇವಕರ ವಿಭಾಗದ ಮೂಲಕ ಮನೆಯಲ್ಲೇ ಕೂತು ಮಾಡುವ ಕೆಲಸವೂ ಸಿಗುತ್ತದೆ.

ಸಂಬಳಕ್ಕೆ ಕುತ್ತಿಲ್ಲ. ಈ ಜಗತ್ತಿನ ವಾಸನೆಯೂ ಸ್ವಲ್ಪ ಹತ್ತುತ್ತದೆ. ಆದರೆ ಒಳಮನೆ? ಜಗಲಿಯ ತನಕ ಮಾತ್ರ.

ನನ್ನದೇ ಕಥೆ ಕೇಳಿ. ವಾರಾಂತ್ಯಗಳಲ್ಲಿ ಕೂತು ಒಂದು ಸಣ್ಣ ಸಂಸ್ಥೆಗೆ ದಾನಿಗಳ ಡೇಟಾಬೇಸ್ ಕಟ್ಟಿಕೊಟ್ಟೆ. ಚೆಂದದ ಡ್ಯಾಶ್‌ಬೋರ್ಡ್, ಬಣ್ಣಬಣ್ಣದ ಗ್ರಾಫ್. ಎಲ್ಲರೂ ಚಪ್ಪಾಳೆ ತಟ್ಟಿದರು. ಆರು ತಿಂಗಳ ಮೇಲೆ ಹೋಗಿ ನೋಡಿದರೆ ಮತ್ತೆ ಹಳೇ ಸ್ಪ್ರೆಡ್‌ಶೀಟ್! ನಾನು ಕಲಿಸಿಕೊಟ್ಟಿದ್ದ ಒಬ್ಬರೇ ಒಬ್ಬರು ಕೆಲಸ ಬಿಟ್ಟಿದ್ದರು. ಅದಕ್ಕಿಂತ ಮುಖ್ಯವಾಗಿ, ಅನುದಾನ ಕೊಟ್ಟವರಿಗೆ ಕಳಿಸುವ ವರದಿಗೆ ಬೇಕಾದ ಎರಡು ಕಾಲಂ ನನ್ನ ಡೇಟಾಬೇಸ್‌ನಲ್ಲಿ ಇರಲೇ ಇಲ್ಲ. ಪುಕ್ಕಟೆ ಮಾಡಿಕೊಡ್ತಿದ್ದಾರೆ ಅಂತ ಅವರು ಕೇಳಲಿಲ್ಲ. ಪುಕ್ಕಟೆ ಮಾಡಿಕೊಡ್ತಿದ್ದೀನಿ ಅಂತ ನಾನೂ ಕೇಳಲಿಲ್ಲ.

ಈ ದಾರಿ ಹಿಡಿಯುವುದಾದರೆ ಕಟ್ಟುವ ಕೆಲಸ ತೆಗೆದುಕೊಳ್ಳಬೇಡಿ. ನೋಡಿ ಹೇಳುವ ಕೆಲಸ ತೆಗೆದುಕೊಳ್ಳಿ. ಅವರ ಬಳಿ ಯಾವ ಸಾಫ್ಟ್‌ವೇರ್ ಇದೆ, ಯಾರು ಬಳಸುತ್ತಾರೆ, ಯಾವುದಕ್ಕೆ ಸುಮ್ನೆ ಚಂದಾ ಕಟ್ಟುತ್ತಿದ್ದಾರೆ ಎಂದು ಎರಡು ಪುಟ ಬರೆದುಕೊಡಿ. ನೀವು ಹೋದ ಮೇಲೆ ಕೆಟ್ಟು ನಿಲ್ಲುವಂಥದ್ದು ಅದರಲ್ಲಿ ಏನೂ ಇಲ್ಲ. ನಿಮಗೂ ಹತ್ತು ಜನರ ಜೊತೆ ಕೂತು ಮಾತಾಡಲು ನೆಪ ಸಿಗುತ್ತದೆ. ಶುರು ಮಾಡುವ ಮೊದಲು ಈಗಿನ ಕೆಲಸದ ಕರಾರು ತೆಗೆದು ಓದಿ. ಹೊರಗಿನ ಕೆಲಸ ಉಚಿತವಾದರೂ ಅನುಮತಿ ಬೇಕು ಎಂದು ಹಲವು ಕಂಪನಿಗಳು ಬರೆಸಿಕೊಂಡಿರುತ್ತವೆ.

ಸಂಸ್ಥೆಯಲ್ಲೇ ಪೂರ್ಣ ನೌಕರಿ

ಒಳಮನೆ ಪೂರ್ತಿ ನೋಡಬೇಕೆಂದರೆ ಇದಕ್ಕಿಂತ ಒಳ್ಳೆ ದಾರಿ ಇಲ್ಲ. ಸಂಬಳ ಕಡಿಮೆ, ಆದರೆ ತಿಂಗಳ ಕೊನೆಗೆ ಬರುತ್ತದೆ. ಬಜೆಟ್ ಸಭೆಯಲ್ಲಿ ಕೂರುತ್ತೀರಿ. ಅನುದಾನದ ಅರ್ಜಿ ಬರೆಯುವ ರಾತ್ರಿಗಳನ್ನು ನೋಡುತ್ತೀರಿ. ಲೆಕ್ಕಪರಿಶೋಧನೆಯ ವಾರ ಎಲ್ಲರ ಮುಖ ಹೇಗಿರುತ್ತದೆ ಎಂದು ತಿಳಿಯುತ್ತದೆ. ಹೊರಗಿನ ಕನ್ಸಲ್ಟೆಂಟ್‌ಗಳು ಬಂದು ಏನು ಹೇಳಿ ಹೋಗುತ್ತಾರೆ, ಅವರು ಹೋದ ಮೇಲೆ ಸಿಬ್ಬಂದಿ ಏನು ಮಾತಾಡಿಕೊಳ್ಳುತ್ತಾರೆ ಎಂಬುದೂ ಕಿವಿಗೆ ಬೀಳುತ್ತದೆ. ಮುಂದೆ ನೀವೂ ಅಂಥ ಕನ್ಸಲ್ಟೆಂಟ್ ಆಗುವವರಲ್ವಾ, ಕೇಳಿಸಿಕೊಂಡಿದ್ದು ದಂಡವಾಗುವುದಿಲ್ಲ.

ತೊಂದರೆ ಬೇರೆ ಕಡೆ ಇದೆ. ಸಣ್ಣ ಸಂಸ್ಥೆಯಲ್ಲಿ ‘ತಂತ್ರಜ್ಞಾನ ಮುಖ್ಯಸ್ಥ’ ಎಂದರೆ ಪ್ರಿಂಟರ್ ರಿಪೇರಿ ಮಾಡುವವರೂ ಅವರೇ. ಒಂದು ಸಂಸ್ಥೆಯ ಅಭ್ಯಾಸವನ್ನೇ ಎಲ್ಲ ಸಂಸ್ಥೆಗಳ ಅಭ್ಯಾಸ ಅಂದುಕೊಳ್ಳುವ ಅಪಾಯವೂ ಇದೆ. ಇನ್ನೊಂದು, ಬಿಟ್ಟು ಬರುವುದು ಕಷ್ಟ. ಅಲ್ಲಿಯ ಜನರ ಮೇಲೆ ಪ್ರೀತಿ ಬೆಳೆಯುತ್ತದೆ. "ಎರಡು ವರ್ಷ ಇದ್ದು ಫ್ರೀಲಾನ್ಸ್ ಆಗ್ತೀನಿ" ಅಂದವರು ಏಳನೇ ವರ್ಷಕ್ಕೂ ಅಲ್ಲೇ ಇರುತ್ತಾರೆ. ಅದು ತಪ್ಪಲ್ಲ. ಆದರೆ ನಿಮ್ಮ ಗುರಿ ಸ್ವತಂತ್ರ ಕೆಲಸವಾದರೆ ಹೊರಡುವ ತಿಂಗಳನ್ನು ಸೇರುವಾಗಲೇ ಕ್ಯಾಲೆಂಡರ್‌ನಲ್ಲಿ ಗುರುತು ಹಾಕಿಕೊಳ್ಳಿ.

ವಾರದಲ್ಲಿ ಎರಡು ದಿನ ಅಲ್ಲಿ, ಉಳಿದ ದಿನ ಇಲ್ಲಿ

ನನ್ನನ್ನು ಕೇಳಿದರೆ ಹೆಚ್ಚಿನವರಿಗೆ ಹೊಂದುವುದು ಇದೇ. ಈಗಿನ ಕೆಲಸವನ್ನು ಮೂರು ದಿನಕ್ಕೆ ಇಳಿಸಿ ಉಳಿದ ಎರಡು ದಿನ ಒಂದೇ ಸಂಸ್ಥೆಗೆ ಹಣ ತೆಗೆದುಕೊಂಡು ಕೆಲಸ ಮಾಡುವುದು. ಒಂದೇ ಸಂಸ್ಥೆ ಎಂದು ಒತ್ತಿ ಹೇಳುತ್ತಿದ್ದೇನೆ. ಎರಡು ದಿನವನ್ನು ನಾಲ್ಕು ಸಂಸ್ಥೆಗೆ ಹಂಚಿದರೆ ಎಲ್ಲ ಕಡೆಯೂ ಅತಿಥಿಯಾಗಿ ಉಳಿಯುತ್ತೀರಿ.

ಹಣ ತೆಗೆದುಕೊಳ್ಳುವುದು ಯಾಕೆ ಮುಖ್ಯ? ಸಣ್ಣ ಮೊತ್ತವಾದರೂ ಅದು ಬಜೆಟ್‌ನಲ್ಲಿ ಒಂದು ಸಾಲು ಆಗಬೇಕು. ಆ ಸಾಲು ಬಂದ ಕೂಡಲೇ ಯಾರೋ ಒಬ್ಬರು ಅದಕ್ಕೆ ಉತ್ತರ ಕೊಡಬೇಕಾಗುತ್ತದೆ. ಆ ಒಬ್ಬರು ನಿಮಗೆ ಫೋನ್ ಮಾಡುತ್ತಾರೆ, ಸಭೆಗೆ ಕರೆಯುತ್ತಾರೆ, ಬೇಡದ ಕೆಲಸವನ್ನು ಬೇಡ ಅನ್ನುತ್ತಾರೆ. ನನ್ನ ಡೇಟಾಬೇಸ್‌ಗೆ ಸಿಗದೇ ಹೋಗಿದ್ದು ಇಂಥ ಒಬ್ಬ ಮನುಷ್ಯ.

ಎರಡು ದೋಣಿಯ ಮೇಲೆ ಕಾಲಿಟ್ಟ ಹಾಗೆ ಅಂತ ಬೈಯುವವರೂ ಇದ್ದಾರೆ. ಸುಳ್ಳಲ್ಲ. ಮೂರು ದಿನದ ಕೆಲಸ ನಾಲ್ಕಕ್ಕೆ ಹರಡುತ್ತದೆ. ಸೇವಾ ಸಂಸ್ಥೆಯ ತುರ್ತು ನಿಮ್ಮ ಕಂಪನಿಯ ದಿನವೇ ಬರುತ್ತದೆ. ಕೆಲವು ಕಂಪನಿಗಳಲ್ಲಿ ದಿನ ಇಳಿಸಿಕೊಳ್ಳಲು ಅವಕಾಶವೇ ಇಲ್ಲ. ಆದರೂ ಒಂದು ವರ್ಷ ಹೀಗೆ ನಡೆಸಿದರೆ ಒಂದು ಪೂರ್ತಿ ಹಣಕಾಸು ವರ್ಷವನ್ನು ಹತ್ತಿರದಿಂದ ನೋಡಿದ ಹಾಗಾಯಿತು. ಅನುದಾನ ಬರುವ ಕಾಲ, ಬರಗಾಲ, ವರದಿಯ ಕಾಲ, ಕೊನೆಯ ವಾರದ ಓಟ, ಎಲ್ಲವೂ ಕಂಡಿರುತ್ತದೆ.

ನೇರ ಧುಮುಕುವುದು

ಮೂರು ಸಂಗತಿ ಒಟ್ಟಿಗೆ ಇದ್ದವರು ಮಾತ್ರ ಕೆಲಸ ಬಿಟ್ಟು ಪೂರ್ತಿ ಫ್ರೀಲಾನ್ಸ್‌ಗೆ ಧುಮುಕಬಹುದು. ಕೈಯಲ್ಲಿ ಎಂಟರಿಂದ ಹನ್ನೆರಡು ತಿಂಗಳ ಮನೆಖರ್ಚು. ಬಾಯಿಮಾತಲ್ಲ, ಸಹಿ ಬಿದ್ದ ಒಂದು ಒಪ್ಪಂದ. ಮತ್ತು "ಈ ಕೆಲಸಕ್ಕೆ ಇವರನ್ನು ಕೇಳಿ" ಎಂದು ಜನ ಹೇಳುವಂಥ ಒಂದು ಪರಿಣತಿ. ಎಂಟು ತಿಂಗಳ ಲೆಕ್ಕ ಎಲ್ಲಿಂದ ಬಂತು ಅಂದರೆ, ಮೇಲೆ ಹೇಳಿದ ಆರು ತಿಂಗಳ ಕಾಯುವಿಕೆಗೆ ಇನ್‌ವಾಯ್ಸ್ ಪಾಸಾಗುವ ಎರಡು ತಿಂಗಳು ಸೇರಿಸಿ. ಇದು ಹಿಂಡಿ ತೆಗೆದ ಲೆಕ್ಕ, ಹನ್ನೆರಡೇ ಇದ್ದರೆ ನಿದ್ದೆ ಬರುತ್ತದೆ.

ಏಜೆನ್ಸಿ ಅಥವಾ ಗುಂಪಿನ ಜೊತೆ

ಸೇವಾ ಸಂಸ್ಥೆಗಳಿಗೇ ಕೆಲಸ ಮಾಡುವ ಸಣ್ಣ ಏಜೆನ್ಸಿಗಳಿವೆ, ಸಮಾನಮನಸ್ಕರ ಸಹಕಾರಿ ಗುಂಪುಗಳಿವೆ. ಗಿರಾಕಿ ಹುಡುಕುವ ತಲೆನೋವು ಅವರದು, ಕೆಲಸ ನಿಮ್ಮದು, ದರದಲ್ಲಿ ಒಂದು ಪಾಲು ಅವರಿಗೆ. ಮಾರುವ ಮಾತು ಬಾರದವರಿಗೆ ಒಳ್ಳೆಯದು. ಒಂದೇ ಎಚ್ಚರಿಕೆ: ಏಜೆನ್ಸಿ ಬಿಟ್ಟ ಮೇಲೆ ಅದರ ಗಿರಾಕಿಗಳ ಜೊತೆ ಎಷ್ಟು ಕಾಲ ಕೆಲಸ ಮಾಡಬಾರದು ಎಂಬ ಷರತ್ತನ್ನು ಓದಿ ಸಹಿ ಹಾಕಿ.

ಒಟ್ಟಿನಲ್ಲಿ ನನ್ನ ಆಯ್ಕೆ ಹೀಗೆ. ಸೇವಾ ಸಂಸ್ಥೆಯ ಒಳಗೆ ಕಾಲಿಟ್ಟೇ ಇಲ್ಲದವರು ಉಚಿತ ಸೇವೆಯಿಂದ ಶುರು ಮಾಡಿ, ಆದರೆ ಆರು ತಿಂಗಳಿಗಿಂತ ಹೆಚ್ಚು ಅಲ್ಲಿ ನಿಲ್ಲಬೇಡಿ. ಮನೆಯ ಜವಾಬ್ದಾರಿ ಹೊತ್ತವರಿಗೆ ಎರಡು ದಿನದ ದಾರಿ. ಅದು ಸಿಗದಿದ್ದರೆ, ಸಂಬಳ ಇಳಿದರೂ ಸಂಸಾರ ನಡೆಯುತ್ತದೆ ಎನ್ನುವವರಿಗೆ ಪೂರ್ಣ ನೌಕರಿ. ಸೇವಾ ಸಂಸ್ಥೆಯಲ್ಲಿ ಮೊದಲೇ ಕೆಲಸ ಮಾಡಿ ಬಂದವರು ಏಜೆನ್ಸಿಗೆ ಹೋಗಬಹುದು, ನೇರ ಧುಮುಕಲೂಬಹುದು. ಅವರಿಗೆ ಈ ಬರಹದ ಅರ್ಧ ಬೇಕಾಗಿಯೇ ಇರಲಿಲ್ಲ.

ಒಂದೇ ಉತ್ಪನ್ನವೋ, ಎಲ್ಲವೂ ಸ್ವಲ್ಪ ಸ್ವಲ್ಪವೋ?

ದಾರಿ ಯಾವುದೇ ಇರಲಿ, ಏನು ಮಾರುತ್ತೀರಿ ಎಂದೂ ಆರಿಸಬೇಕು. ಇಲ್ಲಿ ತಂತ್ರಜ್ಞಾನ ಕಂಪನಿಗಳ ಕೊಡುಗೆಗಳ ಪಾತ್ರ ದೊಡ್ಡದು. ಗಿರಾಕಿಗಳ, ದಾನಿಗಳ ಮಾಹಿತಿ ನಿಭಾಯಿಸುವ ಸಾಫ್ಟ್‌ವೇರ್ ಮಾರುವ ಸೇಲ್ಸ್‌ಫೋರ್ಸ್ ಅರ್ಹ ಸಂಸ್ಥೆಗಳಿಗೆ 10 ಲೈಸೆನ್ಸ್ ಉಚಿತವಾಗಿ ಕೊಡುತ್ತದೆ. ಗೂಗಲ್ ಆಡ್ ಗ್ರ್ಯಾಂಟ್ಸ್‌ನಲ್ಲಿ ತಿಂಗಳಿಗೆ 10,000 ಡಾಲರ್ ಮೌಲ್ಯದ ತನಕ ಹುಡುಕಾಟದ ಜಾಹೀರಾತು ಸಿಗುತ್ತದೆ. 1987ರಲ್ಲಿ ಶುರುವಾದ ಟೆಕ್‌ಸೂಪ್ ಮೂಲಕ ಹಲವು ಕಂಪನಿಗಳ ಸಾಫ್ಟ್‌ವೇರ್ ಕಡಿಮೆ ದರಕ್ಕೆ ಬರುತ್ತದೆ.

ದಾನ ಕೊಟ್ಟ ಎಮ್ಮೆಯ ಹಲ್ಲು ಎಣಿಸಬಾರದು ಅಂತಾರೆ. ಈ ಕಸುಬಿನಲ್ಲಿ ಎಣಿಸಲೇಬೇಕು. ಸೇಲ್ಸ್‌ಫೋರ್ಸ್‌ನ ಆ ಹತ್ತು ಲೈಸೆನ್ಸ್‌ಗೆ ಖರ್ಚಿಲ್ಲ, ಆದರೆ ಅದನ್ನು ಸಂಸ್ಥೆಗೆ ಹೊಂದಿಸುವವರು ಉಚಿತವಲ್ಲ, ಹನ್ನೊಂದನೇ ಲೈಸೆನ್ಸೂ ಅಲ್ಲ. ಕೊಡುಗೆಗಳು ಬದಲಾಗುತ್ತವೆ ಕೂಡ. ಮೈಕ್ರೋಸಾಫ್ಟ್ ಸೇವಾ ಸಂಸ್ಥೆಗಳಿಗೆ ಉಚಿತವಾಗಿ ಕೊಡುತ್ತಿದ್ದ ಬಿಸಿನೆಸ್ ಪ್ರೀಮಿಯಂ (ಕಚೇರಿ ಸಾಫ್ಟ್‌ವೇರ್) ಲೈಸೆನ್ಸ್‌ಗಳನ್ನು 2025ರಲ್ಲಿ ನಿಲ್ಲಿಸುವುದಾಗಿ ಹೇಳಿತು. ಬದಲಿಗೆ ಬೇಸಿಕ್ ಲೈಸೆನ್ಸ್ ಉಚಿತ, ಉಳಿದವಕ್ಕೆ ರಿಯಾಯಿತಿ. ಹಳೇ ಕೊಡುಗೆ ನಂಬಿ ಬಜೆಟ್ ಬರೆದಿದ್ದವರು ಹೊಸದಾಗಿ ಲೆಕ್ಕ ಹಾಕಬೇಕಾಯಿತು. ಗೂಗಲ್ ಜಾಹೀರಾತಿಗೂ ಷರತ್ತುಗಳಿವೆ. ಖಾತೆಯ ಕ್ಲಿಕ್ ಪ್ರಮಾಣ (ಜಾಹೀರಾತು ಕಂಡ ನೂರು ಸಲದಲ್ಲಿ ಎಷ್ಟು ಸಲ ಅದನ್ನು ಒತ್ತುತ್ತಾರೆ ಎಂಬುದು) ಶೇ 5ಕ್ಕಿಂತ ಕೆಳಗೆ ಇಳಿಯಬಾರದು. ಇದನ್ನು ತಿಂಗಳಿಗೆ ಎರಡು ದಿನ ಕೂತು ನೋಡಿಕೊಳ್ಳುವವರು ಬೇಕು. ಹೊಸ ಫ್ರೀಲಾನ್ಸರ್‌ಗೆ ಇದು ಸಣ್ಣದಾದರೂ ನಿಯಮಿತವಾದ ಕೆಲಸ.

ಸೇಲ್ಸ್‌ಫೋರ್ಸ್ ಪರಿಣತರಿಗೆ ದರ ಜಾಸ್ತಿ ಸಿಗುತ್ತದೆ. ಆದರೆ ಅದನ್ನು ಕಟ್ಟಿಸಿಕೊಳ್ಳುವ ಶಕ್ತಿ ಇರುವುದು ದೊಡ್ಡ ಸಂಸ್ಥೆಗಳಿಗೆ. ಅಲ್ಲಿ ನೀವು ದೊಡ್ಡ ಏಜೆನ್ಸಿಗಳ ಜೊತೆ ಪೈಪೋಟಿ ಮಾಡಬೇಕು. ದಾನಿಗಳ, ಸದಸ್ಯರ ಮಾಹಿತಿ ನಿಭಾಯಿಸುವ ಸಿವಿಸಿಆರ್‌ಎಂ ಮುಕ್ತ ತಂತ್ರಾಂಶ. ವೆಬ್‌ಸೈಟ್ ಕಟ್ಟುವ ವರ್ಡ್‌ಪ್ರೆಸ್, ಡ್ರುಪಾಲ್ ಜೊತೆ ಸೇರಿ ನಡೆಯುತ್ತದೆ. ಲೈಸೆನ್ಸ್ ಶುಲ್ಕ ಇಲ್ಲದ್ದರಿಂದ ಮಧ್ಯಮ ಗಾತ್ರದ ಸಂಸ್ಥೆಗಳ ಬಜೆಟ್ ನಿಮ್ಮ ಕೆಲಸಕ್ಕೆ ಉಳಿಯುತ್ತದೆ. ಆದರೆ ಅಪ್‌ಡೇಟ್, ಸರ್ವರ್, ಸುರಕ್ಷತೆ ಎಲ್ಲವನ್ನೂ ಯಾರಾದರೂ ನೋಡಿಕೊಳ್ಳಬೇಕು. ಒಬ್ಬರೇ ಇದ್ದರೆ ರಜೆಗೆ ಹೋಗುವಾಗಲೂ ಲ್ಯಾಪ್‌ಟಾಪ್ ಜೊತೆಗೇ ಬರುತ್ತದೆ.

ನನಗೆ ಹೆಚ್ಚು ಹಿಡಿಸಿದ್ದು ಮಾಹಿತಿ ಸಂಗ್ರಹದ ಕೆಲಸ. ವಾಷಿಂಗ್ಟನ್ ವಿಶ್ವವಿದ್ಯಾಲಯದಲ್ಲಿ 2008ರಲ್ಲಿ ಶುರುವಾದ ಓಡಿಕೆ ಮತ್ತು ಅದರ ಬುನಾದಿಯ ಮೇಲೆ ಬೆಳೆದ ಕೋಬೋಟೂಲ್‌ಬಾಕ್ಸ್, ನೆಟ್‌ವರ್ಕ್ ಇಲ್ಲದ ಕಡೆಯೂ ಫೋನ್‌ನಲ್ಲಿ ಸಮೀಕ್ಷೆ ತುಂಬಿಸಿಕೊಳ್ಳುತ್ತವೆ. ಎರಡರಲ್ಲೂ ಫಾರ್ಮ್ ಬರೆಯುವುದು ಸ್ಪ್ರೆಡ್‌ಶೀಟ್‌ನಲ್ಲಿ, ಒಂದೇ ಬಗೆಯಲ್ಲಿ. ಒಂದನ್ನು ಕಲಿತರೆ ಇನ್ನೊಂದರ ಮುಕ್ಕಾಲು ಬಂದ ಹಾಗೆ. ಆರೋಗ್ಯ ಕ್ಷೇತ್ರಕ್ಕೆ ಹೋಗುವವರು ಆರೋಗ್ಯ ಮಾಹಿತಿ ಕಲೆಹಾಕುವ, ಓಸ್ಲೋ ವಿಶ್ವವಿದ್ಯಾಲಯದ ಡಿಎಚ್‌ಐಎಸ್2 ಸಾಫ್ಟ್‌ವೇರ್ ಕಲಿಯಬಹುದು. 70ಕ್ಕೂ ಹೆಚ್ಚು ದೇಶಗಳಲ್ಲಿ ಅದು ಬಳಕೆಯಲ್ಲಿದೆ.

ಇನ್ನು ಯಾವ ಉತ್ಪನ್ನಕ್ಕೂ ಅಂಟದ ಸಲಹೆಗಾರರು. ಸಣ್ಣ ಸಂಸ್ಥೆಗಳಿಗೆ ಬೇಕಾಗಿರುವುದು ಇವರೇ. ಕೈಯಲ್ಲಿ ಬೆಣ್ಣೆ ಇಟ್ಟುಕೊಂಡು ತುಪ್ಪಕ್ಕೆ ಅಲೆಯುವ ಸಂಸ್ಥೆಗಳು ಬಹಳ. ಇರುವ ಸಾಫ್ಟ್‌ವೇರ್‌ನಲ್ಲೇ ಆಗುವ ಕೆಲಸಕ್ಕೆ ಹೊಸದು ಕೊಳ್ಳಲು ಹೊರಟಿರುತ್ತವೆ. "ಇದು ನಿಮಗೆ ಬೇಡ" ಎಂದು ಹೇಳುವುದೇ ನನ್ನ ಸಲಹೆಯ ಅರ್ಧ ಭಾಗ. ಆದರೆ ಆ ಮಾತಿಗೆ ದುಡ್ಡು ಕೇಳುವುದು ಕಷ್ಟ. ಕಟ್ಟಿಕೊಟ್ಟಿದ್ದು ಕಣ್ಣಿಗೆ ಕಾಣುತ್ತದೆ, ತಪ್ಪಿಸಿದ ಖರ್ಚು ಕಾಣುವುದಿಲ್ಲ. ಹಾಗಾಗಿ ಒಂದು ಉತ್ಪನ್ನವನ್ನು ಚೆನ್ನಾಗಿ ಕಲಿತು ಅದರಿಂದ ಊಟ ಗಿಟ್ಟಿಸಿ, ಬೇಡ ಅನ್ನುವ ಸಲಹೆಯನ್ನು ಅದರ ಪಕ್ಕದಲ್ಲಿ ಬೆಳೆಸುವುದು ಜಾಣತನ.

ದರ ಹೇಗೆ ಹೇಳುವುದು

ದಿನದ ದರವೋ, ಇಡೀ ಕೆಲಸಕ್ಕೆ ಒಂದೇ ಮೊತ್ತವೋ, ತಿಂಗಳ ರಿಟೇನರೋ (ತಿಂಗಳಿಗೆ ಇಷ್ಟು ಎಂಬ ನಿಗದಿ ಶುಲ್ಕ)? ಸೇವಾ ಸಂಸ್ಥೆಗಳಿಗೆ ಇಷ್ಟ ಒಂದೇ ಮೊತ್ತ. ಅನುದಾನದ ಅರ್ಜಿಯಲ್ಲಿ ಬರೆಯಲು ಸುಲಭ. ಆದರೆ ನಡುವೆ ನಿರ್ದೇಶಕರು ಬದಲಾದರೆ, ಹೊಸಬರು "ಇದನ್ನೂ ಸೇರಿಸಿ" ಅಂದರೆ, ಪೆಟ್ಟು ನಿಮಗೆ. ನಾನು ಮಾಡುವುದು ಹೀಗೆ: ಮೊದಲ ಐದು ದಿನ ಸ್ಥಿತಿ ನೋಡುವ ಕೆಲಸಕ್ಕೆ ದಿನದ ದರ, ಅದಾದ ಮೇಲೆ ಕಟ್ಟುವ ಕೆಲಸಕ್ಕೆ ಒಂದೇ ಮೊತ್ತ, ಮುಗಿದ ಮೇಲೆ ನೋಡಿಕೊಳ್ಳಲು ಸಣ್ಣ ರಿಟೇನರ್. ಮೂರನ್ನೂ ಒಂದೇ ಪ್ರಸ್ತಾವನೆಯಲ್ಲಿ ಬರೆಯುತ್ತೇನೆ. ನಿರ್ವಹಣೆಯ ಖರ್ಚು ಅನುದಾನದ ಅರ್ಜಿಯಲ್ಲೇ ಸೇರದಿದ್ದರೆ ಆಮೇಲೆ ಎಲ್ಲೂ ಸೇರುವುದಿಲ್ಲ.

ದರ ಹಾಕುವಾಗ ವರ್ಷದ ಎಲ್ಲ ಕೆಲಸದ ದಿನವೂ ದುಡಿಮೆ ಎಂದು ಲೆಕ್ಕ ಹಾಕಬೇಡಿ. ವಾರಾಂತ್ಯ, ರಜೆ ಕಳೆದು ಸುಮಾರು 220 ದಿನ ಉಳಿದರೆ, ನನ್ನ ಅನುಭವದಲ್ಲಿ ಬಿಲ್ ಆಗುವುದು 120 ದಿನ. ಉಳಿದದ್ದು ಪ್ರಸ್ತಾವನೆ, ಸಭೆ, ಲೆಕ್ಕಪತ್ರ, ಕಲಿಕೆಗೆ ಹೋಗುತ್ತದೆ. ವರ್ಷಕ್ಕೆ ಬೇಕಾದ ಮೊತ್ತವನ್ನು 120ರಿಂದ ಭಾಗಿಸಿ. ಬಂದ ಸಂಖ್ಯೆ ನೋಡಿ ಹೆದರಿಕೆಯಾದರೆ ಸರಿಯಾಗಿ ಭಾಗಿಸಿದ್ದೀರಿ ಎಂದರ್ಥ.

ರಿಯಾಯಿತಿ ಕೊಡುವುದಾದರೆ ಇನ್‌ವಾಯ್ಸ್‌ನಲ್ಲಿ ಪೂರ್ತಿ ದರ ಬರೆದು, ಕೆಳಗೆ ರಿಯಾಯಿತಿಯನ್ನು ಬೇರೆ ಸಾಲಿನಲ್ಲಿ ಕಳೆಯಿರಿ. ಸುಮ್ನೆ ಕಡಿಮೆ ದರ ಬರೆದರೆ ಅದೇ ನಿಮ್ಮ ದರ ಆಗಿಬಿಡುತ್ತದೆ. ನಿಮ್ಮ ನಂತರ ಬರುವವರಿಗೂ ಅದನ್ನೇ ಕೊಡುತ್ತಾರೆ.

ಡೇಟಾ ಮತ್ತು ಹೊರಡುವ ದಿನ

ಕೊನೆಗೆ, ಯಾವ ದಾರಿಯಲ್ಲಿ ಬಂದರೂ ತಪ್ಪದ ಒಂದು ಹೊಣೆ. ಸೇವಾ ಸಂಸ್ಥೆಯ ಡೇಟಾ ಎಂದರೆ ಬರೀ ದಾನಿಗಳ ಇಮೇಲ್ ಅಲ್ಲ. ಕಾಯಿಲೆ, ಹಿಂಸೆ, ವಲಸೆ, ಮಕ್ಕಳ ಹೆಸರು ಅದರಲ್ಲಿರುತ್ತದೆ. 2022ರ ಜನವರಿಯಲ್ಲಿ ರೆಡ್‌ಕ್ರಾಸ್ ಅಂತರರಾಷ್ಟ್ರೀಯ ಸಮಿತಿಯ ಮೇಲೆ ಸೈಬರ್ ದಾಳಿ ನಡೆದಾಗ 5,15,000ಕ್ಕೂ ಹೆಚ್ಚು ಜನರ ಮಾಹಿತಿ ದಾಳಿಕೋರರ ಕೈಗೆ ಸಿಕ್ಕಿತು. ಯುದ್ಧ, ವಿಪತ್ತುಗಳಲ್ಲಿ ಮನೆಯವರಿಂದ ಬೇರೆಯಾದವರೂ ಕಾಣೆಯಾದವರೂ ಅದರಲ್ಲಿದ್ದರು. ಅದಕ್ಕೂ ಮೊದಲು, 2020ರಲ್ಲಿ, ಸೇವಾ ಸಂಸ್ಥೆಗಳಿಗೆ ಸಾಫ್ಟ್‌ವೇರ್ ಒದಗಿಸುವ ಬ್ಲ್ಯಾಕ್‌ಬಾಡ್ ಮೇಲೆ, ಡೇಟಾ ಒತ್ತೆಯಿಟ್ಟುಕೊಂಡು ಹಣ ಕೇಳುವ ರ‍್ಯಾನ್ಸಮ್‌ವೇರ್ ದಾಳಿಯಾಗಿ, ಅದರ ಸಾವಿರಾರು ಗಿರಾಕಿ ಸಂಸ್ಥೆಗಳು ತಮ್ಮ ದಾನಿಗಳಿಗೆ ಉತ್ತರ ಕೊಡಬೇಕಾಯಿತು.

ಹಾಗಾಗಿ ಸಂಸ್ಥೆಯ ಡೇಟಾವನ್ನು ನಿಮ್ಮ ಲ್ಯಾಪ್‌ಟಾಪ್‌ಗೆ ಇಳಿಸಿಕೊಳ್ಳಬೇಡಿ. ಪರೀಕ್ಷೆಗೆ ಸುಳ್ಳು ಹೆಸರುಗಳ ಪಟ್ಟಿ ಮಾಡಿಕೊಳ್ಳಿ. ಅಡ್ಮಿನ್ ಖಾತೆ ಸಂಸ್ಥೆಯ ಹೆಸರಿನಲ್ಲೇ ಇರಲಿ. ಡೊಮೇನ್ (ವೆಬ್‌ಸೈಟ್ ವಿಳಾಸ) ಯಾವಾಗಲೋ ಬಂದು ಹೋದ ಸ್ವಯಂಸೇವಕರ ಖಾಸಗಿ ಇಮೇಲ್‌ನಲ್ಲಿ ಸಿಕ್ಕಿಕೊಂಡಿರುವುದನ್ನು ಬಿಡಿಸಲು ನಾನು ವಾರಗಟ್ಟಲೆ ಓಡಾಡಿದ್ದೇನೆ. ವೃತ್ತಿ ವಿಮೆ ಮಾಡಿಸಿಕೊಳ್ಳಿ. ಸೇವೆ ಅಲ್ವಾ, ಯಾರು ಕೇಸು ಹಾಕ್ತಾರೆ ಅನ್ನಬೇಡಿ.

ಪ್ರತಿ ಕೆಲಸದ ಕೊನೆಯ ವಾರ ನಾನು ಕೀಬೋರ್ಡ್ ಮುಟ್ಟುವುದಿಲ್ಲ. ಪಕ್ಕದಲ್ಲಿ ಕೂತು ನೋಡುತ್ತೇನೆ. ಹೊಸ ದಾನಿಯ ಹೆಸರು ಸೇರಿಸುವುದು, ಅನುದಾನದ ವರದಿ ತೆಗೆಯುವುದು, ಕೆಲಸ ಬಿಟ್ಟವರ ಖಾತೆ ಮುಚ್ಚುವುದು, ಬ್ಯಾಕಪ್‌ನಿಂದ ಒಂದು ಫೈಲ್ ವಾಪಸ್ ತರುವುದು, ಈ ನಾಲ್ಕನ್ನು ಸಿಬ್ಬಂದಿಯೇ ನನ್ನನ್ನು ಕೇಳದೆ ಮಾಡಬೇಕು. ಒಬ್ಬರಲ್ಲ, ಇಬ್ಬರು. ಒಪ್ಪಂದದಲ್ಲಿ ಕೊನೆಯ ಕಂತನ್ನು ನಾನೇ ಇದಕ್ಕೆ ಕಟ್ಟಿಹಾಕಿರುತ್ತೇನೆ.